ರಬ್ಬರಿಗೆ ಮೂರು ದಿನ ರಜೆ

ಕಂಡದ್ದನ್ನೆಲ್ಲ ಚಿತ್ರ ಬರೆಯುತ್ತಿದ್ದ ನನ್ನ ಮೊಮ್ಮಗಳು ಈ ಬೇಸಿಗೆ ರಜೆಗೆ ಕೊಳ್ಳೇಗಾಲಕ್ಕೆ ಬಂದಾಗ ಡ್ರಾಯಿಂಗ್ ಪುಸ್ತಕವನ್ನೇ ಹೊರತೆಗೆಯಲಿಲ್ಲ. ಯಾಕಮ್ಮ ಎಂದರೆ, "ನಂಗೆ ಬರಲ್ಲ ತಾತ. ಗೆರೆ ಸೊಟ್ಟ ಆಗುತ್ತೆ" ಅಂದಳು. ಅವಳ ಹಳೆಯ ಹಾಳೆಗಳನ್ನು ತಿರುವಿ ನೋಡಿದೆ. ಪ್ರತಿ ಗೆರೆಯನ್ನೂ ನಾಲ್ಕೈದು ಸಲ ಅಳಿಸಿದ್ದಾಳೆ. ಕೆಲವು ಕಡೆ ಕಾಗದವೇ ತೂತಾಗಿದೆ. ಆರನೇ ತರಗತಿಗೆ ಬರುವ ಹೊತ್ತಿಗೆ ಮಗುವಿಗೆ ತಪ್ಪಿನ ಭಯ ಹಿಡಿದಿತ್ತು.

ಬುದ್ಧಿ ಹೇಳೋಣ ಎಂದರೆ ನನ್ನ ಕಥೆಯೂ ಅದೇ. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ನಾನೂ ಚಿತ್ರ ಬರೆಯುವುದನ್ನು ಬಿಟ್ಟಿದ್ದೆ. ಮಗ ತಂದುಕೊಟ್ಟಿದ್ದ ಎರಡು ಬ್ರಷ್ ಪೆನ್ನುಗಳು ಮೇಜಿನ ಖಾನೆಯಲ್ಲಿ ಹಾಗೇ ಬಿದ್ದಿದ್ದವು. ಒಂದನ್ನು ಅವಳಿಗೆ ಕೊಟ್ಟು, "ಮೂರು ದಿನ, ಮೂರು ಊರು. ರಬ್ಬರ್ ಮನೇಲೇ ಇರಲಿ. ಒಂದು ಚಿತ್ರಕ್ಕೆ ಒಂದೇ ನಿಮಿಷ. ನಾನೂ ಬರೀತೀನಿ" ಎಂದೆ. ಅವಳು ಅರೆಮನಸ್ಸಿನಿಂದ ಒಪ್ಪಿದಳು.

ಬ್ರಷ್ ಪೆನ್ ಎಂದರೆ ಹೊಟ್ಟೆಯಲ್ಲಿ ಮಸಿ ತುಂಬಿಕೊಂಡ ಕುಂಚ. 1970ರ ದಶಕದಲ್ಲಿ ಜಪಾನಿನಲ್ಲಿ ಬಳಕೆಗೆ ಬಂತು. ಅಲ್ಲಿ ಅಕ್ಷರಗಳನ್ನು ಕುಂಚದಲ್ಲಿ ಬರೆಯುವ ಪದ್ಧತಿಯಿದೆ. ಮಸಿಕಲ್ಲು, ನೀರು, ಕುಂಚ ಎಲ್ಲವನ್ನೂ ಹೊತ್ತು ತಿರುಗುವ ಬದಲು ಜೇಬಿನಲ್ಲಿಟ್ಟುಕೊಳ್ಳುವ ಪೆನ್ನು ಮಾಡಿದರು. ಒತ್ತಿದರೆ ಗೆರೆ ದಪ್ಪ, ಎತ್ತಿದರೆ ಕೂದಲೆಳೆ. ವೇಗವಾಗಿ ಎಳೆದರೆ ಕಾಗದದ ಉಬ್ಬುತಗ್ಗಿನಲ್ಲಿ ಮಸಿ ಹತ್ತಿಯೂ ಹತ್ತದೆ ಬಿಳಿ ಗೀರುಗಳು ಉಳಿಯುತ್ತವೆ. ಮರದ ತೊಗಟೆಗೆ, ಕಲ್ಲಿಗೆ ಅದೇ ಚೆಂದ. ಅಳಿಸಲು ಮಾತ್ರ ಆಗುವುದಿಲ್ಲ.

ಮೊದಲ ದಿನ ಕೊಳ್ಳೇಗಾಲದ ಹೊರಗಿನ ಒಂದು ಹುಳು ಮನೆಗೆ ಹೋದೆವು. ನಮ್ಮದು ರೇಷ್ಮೆಯ ಸೀಮೆ. ಗೋಡೆಗೆ ಒರಗಿಸಿದ್ದ ಬಿದಿರಿನ ಚಂದ್ರಿಕೆಗಳಲ್ಲಿ ಹುಳುಗಳು ಗೂಡು ಕಟ್ಟುತ್ತಿದ್ದವು. ಚಂದ್ರಿಕೆಯ ಸುರುಳಿಯನ್ನು ಎಳೆಯಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ನಿಂತ ಕಡೆ ಮಸಿ ಹರಡಿ ಬೊಟ್ಟಾಯಿತು. "ಹೋಯ್ತು ತಾತ!" ಅಂದಳು. ಆಗ ನಾನು ಹುಳು ತೋರಿಸಿದೆ. ಅದು ತಲೆಯನ್ನು ಇಂಗ್ಲಿಷಿನ 8ರ ಹಾಗೆ ಆಡಿಸುತ್ತಾ ಒಂದೇ ಎಳೆಯಲ್ಲಿ ಗೂಡು ಸುತ್ತುತ್ತದೆ. ಒಳ್ಳೆಯ ಗೂಡಿನ ಎಳೆ ಒಂದು ಕಿಲೋಮೀಟರಿನಷ್ಟು ಉದ್ದ ಬರುವುದುಂಟು. ಹುಳು ಹಿಂದಕ್ಕೆ ಹೋಗಿ ತಿದ್ದುವುದಿಲ್ಲ. ಸ್ವಲ್ಪ ಹೊತ್ತು ನೋಡಿದವಳು, ಆ ಬೊಟ್ಟನ್ನೇ ಹುಳುವಿನ ತಲೆ ಮಾಡಿ ಮುಂದುವರಿಸಿದಳು.

ಎರಡನೆಯ ದಿನ ಯಳಂದೂರು. ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪವನ್ನು ನೀವು ನೋಡಿರಬಹುದು. ಕಲ್ಲಿನಲ್ಲೇ ಕಡೆದ ಬಳೆಗಳಿಂದ ಅದಕ್ಕೆ ಆ ಹೆಸರು. ಹದಿನಾಡಿನ ಪಾಳೆಯಗಾರರ ಕಾಲದ ಗುಡಿಯಿದು. "ಉಳಿ ಜಾರಿದ್ರೆ ಏನ್ ಮಾಡ್ತಿದ್ರು ತಾತ?" ಎಂದು ಅವಳೇ ಕೇಳಿದಳು. ಜಾರದಂತೆ ಮೊದಲೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಎಂದೆ. ಅಲ್ಲಿ ನಮ್ಮ ನಿಯಮ ಬದಲಾಯಿತು: ಮೂರು ನಿಮಿಷ ಪೆನ್ನು ಮುಟ್ಟದೆ ನೋಡುವುದು, ಆಮೇಲೆ ಒಂದು ನಿಮಿಷ ಬರೆಯುವುದು. ಚಿತ್ರದ ಹೆಚ್ಚಿನ ಕೆಲಸ ಕಣ್ಣಿನದು.

ನನಗೂ ಅಲ್ಲೊಂದು ಪಾಠವಾಯಿತು. ಕೈಯನ್ನು ಕಾಗದಕ್ಕೆ ಊರಿ ನಿಧಾನವಾಗಿ ಬರೆದರೆ ನಡುಕವೆಲ್ಲ ಗೆರೆಗೆ ಇಳಿಯುತ್ತದೆ. ಭುಜದಿಂದ ಇಡೀ ತೋಳನ್ನು ಆಡಿಸಿ ಬೇಗ ಎಳೆದರೆ ಅಷ್ಟಾಗಿ ಕಾಣುವುದಿಲ್ಲ. ಕಂಡ ಕಡೆಯೂ ಕಂಬ ಹಳೆಯ ಕಲ್ಲಿನಂತೆಯೇ ಕಂಡಿತು. "ತಾತ, ನಿಂದೇ ಚೆನ್ನಾಗಿದೆ" ಅಂದಳು. ಎರಡು ವರ್ಷದ ಮೇಲೆ ಕೇಳಿದ ಮಾತು.

ಮೂರನೆಯ ದಿನ ಹನೂರಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಕಂಸಾಳೆಯವರು ಸಿಕ್ಕರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ನಮ್ಮ ಒತ್ತಾಯಕ್ಕೆ ಎರಡು ಸುತ್ತು ಬೀಸಿ ತೋರಿಸಿದರು. ಬೀಸುವ ಕೈಯನ್ನು ನಿಲ್ಲಿಸಿ ಬರೆಯಲಾಗುತ್ತದೆಯೇ? ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಲೆಂದೇ ಕಥಕ್ ನೃತ್ಯ ಕಲಿತಿದ್ದರು. ಕೆಲವೇ ಗೆರೆಗಳಲ್ಲಿ ಅವರ ನರ್ತಕಿಯರು ಕುಣಿಯುತ್ತಾರೆ. ಇದನ್ನು ಹೇಳಿದ್ದೇ ತಡ, ಮೊಮ್ಮಗಳು ತಾಳಕ್ಕೆ ತಲೆಯಾಡಿಸುತ್ತಾ ಬೆನ್ನಿಗೊಂದು, ಬೀಸುವ ತೋಳಿಗೊಂದು, ಗೊಂಡೆಗೊಂದು, ಹೀಗೆ ಮೂರೇ ಗೆರೆ ಎಳೆದಳು. ಮುಖವಿಲ್ಲ, ಪಾದವಿಲ್ಲ. ಆದರೂ ಕಂಸಾಳೆಯ ಹಿರಿಯರು ಹಾಳೆ ನೋಡಿ, "ಇದು ನಾನೇ ಕಣವ್ವ" ಎಂದು ನಕ್ಕರು.

ಮನೆಯಲ್ಲಿ ಏನು ಬರೆಯುವುದು ಎನ್ನುವ ಮಕ್ಕಳಿಗೆ ಒಂದು ಮಾತು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಅವರು ಬಿಡದೆ ಬರೆದದ್ದು ಕಾಗೆ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಕಾಗೆ ಮಾತ್ರ ಅವರನ್ನು ಬಿಡಲಿಲ್ಲ. ನಿಮ್ಮ ಹಿತ್ತಲಲ್ಲೂ ಕಾಗೆ ಇದ್ದೇ ಇದೆ.

ಬ್ರಷ್ ಪೆನ್ ಸಿಗದಿದ್ದರೆ ಸಣ್ಣ ಕುಂಚವೂ ಸಾಕು. ಮಸಿಯನ್ನು ಅಜ್ಜಿ ಮಾಡಿಕೊಡಬಲ್ಲರು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಹಿಡಿದು ಕಾಡಿಗೆ ಕಟ್ಟಿಸುವುದು ಅವರಿಗೆ ಗೊತ್ತು. ಆ ಕಪ್ಪಿಗೆ ನೀರಿನಲ್ಲಿ ನೆನೆಸಿದ ಜಾಲಿ ಅಂಟು ಸೇರಿಸಿ ಚೆನ್ನಾಗಿ ಅರೆದು, ಬಟ್ಟೆಯಲ್ಲಿ ಸೋಸಿದರೆ ಮಸಿ ಸಿದ್ಧ. ದೀಪದ ಕೆಲಸ ದೊಡ್ಡವರೇ ಮಾಡಲಿ. ಈ ಮಸಿಯನ್ನು ಬ್ರಷ್ ಪೆನ್ನಿಗೆ ತುಂಬಬೇಡಿ, ಕಟ್ಟಿಕೊಳ್ಳುತ್ತದೆ. ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಬೆನ್ನು ಇದೆ.

ಮೂರು ದಿನದಲ್ಲಿ ಇಬ್ಬರೂ ಸೇರಿ 31 ಚಿತ್ರ ಬರೆದೆವು. ಚೆನ್ನಾಗಿರುವುದು ನಾಲ್ಕೋ ಐದೋ. ಆದರೆ ಒಂದನ್ನೂ ಹರಿಯಲಿಲ್ಲ. ಎಲ್ಲದರ ಕೆಳಗೂ ಊರು, ತಾರೀಖು ಹಾಕಿಟ್ಟಿದ್ದೇವೆ. ಊರಿಗೆ ಹೊರಡುವಾಗ ಅವಳು ಬ್ರಷ್ ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು. ರಬ್ಬರ್ ನನ್ನ ಮೇಜಿನ ಮೇಲೇ ಉಳಿದಿತ್ತು. ಮರೆತೆಯಲ್ಲಮ್ಮ ಎಂದು ಫೋನಿನಲ್ಲಿ ಕೇಳಿದೆ.

"ಇರ್ಲಿ ತಾತ, ಮುಂದಿನ ರಜಕ್ಕೆ ತಗೋತೀನಿ" ಅಂದಳು.