ಪಯಣದ ಕಥೆ, ಪರಭಾಷೆಯ ವ್ಯಾಕರಣ

ನಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣ ಬಾರದೆಂದು ದೂರುವವರು ಅವರ ಉತ್ತರಪತ್ರಿಕೆಗಳನ್ನು ನೋಡಿರಲಾರರು. ಬಿಟ್ಟ ಸ್ಥಳ ತುಂಬುವುದರಲ್ಲಿ, ಕರ್ತರಿಯನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ಅವರಲ್ಲಿ ಹಲವರು ನಿಪುಣರು. ರೆನ್ ಮತ್ತು ಮಾರ್ಟಿನ್ನರ ಪುಸ್ತಕದ ಅಭ್ಯಾಸಗಳನ್ನು ಆದಿಯಿಂದ ಅಂತ್ಯದವರೆಗೆ ಬಿಡಿಸಿದ ಹುಡುಗರು ಹಳ್ಳಿಯ ಪ್ರೌಢಶಾಲೆಗಳಲ್ಲಿಯೂ ದೊರೆಯುತ್ತಾರೆ. ಅಂಥ ಹುಡುಗನೊಬ್ಬನನ್ನು ಕೆಲಸದ ಸಂದರ್ಶನದಲ್ಲಿ ಕೂರಿಸಿ, "ಊರಿನಿಂದ ಇಲ್ಲಿಗೆ ಹೇಗೆ ಬಂದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿರಿ. ಎರಡು ವಾಕ್ಯ ಮುಗಿಯುವುದರೊಳಗೆ ಅವನ ನಾಲಗೆ ತಡವರಿಸುತ್ತದೆ. ನಿಯಮಗಳೆಲ್ಲ ಅವನಿಗೆ ಗೊತ್ತು. ನಡೆದುದನ್ನು ನಡೆದಂತೆ ಹೇಳುವ ಅಭ್ಯಾಸವನ್ನು ಮಾತ್ರ ಯಾರೂ ಮಾಡಿಸಿಲ್ಲ. ಕೆಲಸ ಕೈತಪ್ಪುವುದು ಅನೇಕ ವೇಳೆ ಅಲ್ಲಿಯೇ.

ಈ ಕೊರತೆಗೆ ಪ್ರಯಾಣದ ಕಥೆಗಳನ್ನು ಕೇಳಿ, ಮರಳಿ ಹೇಳುವುದಕ್ಕಿಂತ ಸುಲಭವಾದ ಮದ್ದು ನನಗೆ ತೋರುವುದಿಲ್ಲ. ಇತರ ಕಥೆಗಳಿಲ್ಲದ ಒಂದು ಅನುಕೂಲ ಪ್ರಯಾಣದ ಕಥೆಗುಂಟು: ಅದರಲ್ಲಿ ಕಾಲವೂ ಸ್ಥಳವೂ ತಾವಾಗಿಯೇ ಅಡಗಿರುತ್ತವೆ. ಹೊರಟದ್ದು, ತಡವಾದದ್ದು, ದಾರಿಯಲ್ಲಿ ಕಂಡದ್ದು, ತಲುಪಿದ್ದು ಎಂಬ ಕ್ರಮವನ್ನು ಬಿಟ್ಟರೆ ಕಥೆಯೇ ಇಲ್ಲ. ಪಕ್ಕದ ಊರಿನ ಜಾತ್ರೆಗೆ ಹೋಗಿಬಂದವನ ಬಳಿಯೂ ಅಂಥದೊಂದು ಕಥೆ ಇದ್ದೇ ಇರುತ್ತದೆ.

ಕನ್ನಡಿಗನು ಇಂಗ್ಲಿಷಿನಲ್ಲಿ ಎಡವುವುದು ಎಲ್ಲಿ ಎಂಬುದನ್ನು ಕೊಂಚ ನೋಡೋಣ. "ಎದ್ದು, ಮಿಂದು, ತಿಂಡಿ ತಿಂದು, ಬಸ್ಸು ಹತ್ತಿ ಹಾಸನಕ್ಕೆ ಹೋದೆವು" ಎಂದು ನಾವು ಸಲೀಸಾಗಿ ಹೇಳುತ್ತೇವೆ. ಐದು ಕೆಲಸಗಳಿದ್ದರೂ ಕಾಲದ ಹೊರೆಯನ್ನು ಹೊರುವ ಕ್ರಿಯಾಪದ ಕೊನೆಯದೊಂದೇ. ಉಳಿದವು ಅದರ ಬೆನ್ನಿಗೆ ಆತುಕೊಂಡು ನಡೆಯುತ್ತವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಕೆಲಸವೂ ತನ್ನ ಕಾಲವನ್ನು ತಾನೇ ಹೊರಬೇಕು: 'ಗಾಟ್ ಅಪ್', 'ಬೇದ್ಡ್', 'ಏಟ್', 'ಕಾಟ್', 'ವೆಂಟ್'. ಈ ಅಭ್ಯಾಸವಿಲ್ಲದ ಹುಡುಗನು ಪ್ರತಿ ಕ್ರಿಯಾಪದದ ಹಿಂದೆಯೂ ಒಂದೊಂದು 'ಆಫ್ಟರ್' ಸೇರಿಸಿ ಪೇಚಾಡುತ್ತಾನೆ. ಬಿಡಿವಾಕ್ಯಗಳ ಅಭ್ಯಾಸದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅಲ್ಲಿ ಒಂದು ವಾಕ್ಯಕ್ಕೆ ಒಂದೇ ಕೆಲಸ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. "ಹೋದ ವರ್ಷ ಹಂಪಿಗೆ ಹೋಗಿದ್ದೆ" ಎಂಬುದು ಶುದ್ಧ ಕನ್ನಡ. ಅದನ್ನೇ 'ಐ ಹ್ಯಾಡ್ ಗಾನ್ ಟು ಹಂಪಿ ಲಾಸ್ಟ್ ಇಯರ್' ಎಂದು ಸಾಗಿಸಿದರೆ ಕೇಳುವವನು ಕಾದು ಕುಳಿತುಕೊಳ್ಳುತ್ತಾನೆ. 'ಹ್ಯಾಡ್' ಎಂಬುದು ಇನ್ನೊಂದು ಘಟನೆಗಿಂತ ಮುಂಚೆ ನಡೆದದ್ದನ್ನು ಹೇಳುವ ಮಾತು. ಆ ಇನ್ನೊಂದು ಘಟನೆ ಎಲ್ಲಿ? ಬೇರೆ ಘಟನೆ ಇಲ್ಲದೆಡೆ 'ಐ ವೆಂಟ್' ಎಂದರೆ ಸಾಕು. ಅಧ್ಯಾಪಕರು ಈ ತಪ್ಪಿಗೆ ಕೆಂಪುಗೆರೆ ಎಳೆಯುತ್ತಾರೆ. ಹುಡುಗನಿಗೆ ಕಾರಣ ತಿಳಿಯುವುದಿಲ್ಲ.

ಕಥೆಯೊಳಗೆ ಇಳಿದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿದು ಗಾಡಿಗಳು ನಿಲ್ಲುವುದುಂಟು. ಆ ದಾರಿಯಲ್ಲಿ ಬಂದವನೊಬ್ಬನು ಹೀಗೆ ಹೇಳಿದನೆನ್ನಿ: "ಸೇತುವೆ ದಾಟುತ್ತಿದ್ದೆವು, ಗಾಡಿ ಥಟ್ಟನೆ ನಿಂತಿತು, ಮುಂದೆ ಹಳಿಯ ಮೇಲೆ ಮರವೊಂದು ಬಿದ್ದಿತ್ತು." ದಾಟುತ್ತಿದ್ದೆವು, ನಿಂತಿತು, ಬಿದ್ದಿತ್ತು. ಇಂಗ್ಲಿಷಿನಲ್ಲಿಯೂ ಇವೇ ಮೂರು: 'ವರ್ ಕ್ರಾಸಿಂಗ್', 'ಸ್ಟಾಪ್ಡ್', 'ಹ್ಯಾಡ್ ಫಾಲನ್'. ಮರ ಬಿದ್ದುದು ಮೊದಲು; ಪ್ರಯಾಣಿಕನಿಗೆ ತಿಳಿದುದು ಆಮೇಲೆ. ಈ ಹಿಂದುಮುಂದನ್ನು ಸರಿಪಡಿಸುವುದೇ 'ಹ್ಯಾಡ್' ಎಂಬ ಪದದ ಕೆಲಸ. ಬಿಡಿವಾಕ್ಯದಲ್ಲಿ ನಮ್ಮನ್ನು ದಾರಿತಪ್ಪಿಸಿದ ಕನ್ನಡದ 'ಇತ್ತು', ಕಥೆಯಲ್ಲಿ ನಮಗೆ ಕೈಮರವಾಗುತ್ತದೆ.

ಇಂಗ್ಲಿಷಿನ 'ಎ' ಮತ್ತು 'ದ' ಎಂಬ ಉಪಪದಗಳ ವಿಚಾರವೂ ಹೀಗೆಯೇ. ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ ಮಕ್ಕಳಿಲ್ಲ ಎಂದು ಕಥೆ ಹೇಳಿದ ಅಜ್ಜಿ ನಮಗೆ ಅವೆರಡನ್ನೂ ಅರ್ಧ ಕಲಿಸಿಯೇ ಹೋಗಿದ್ದಾಳೆ.

ವಿಭಕ್ತಿಯ ತೊಡಕಿನಲ್ಲಿ ತುಸು ನಿಲ್ಲಬೇಕು. 'ಹಾಸನದಲ್ಲಿ ಇಳಿದೆವು', 'ಹಾಸನದಲ್ಲಿ ತಂಗಿದೆವು': ಕನ್ನಡದಲ್ಲಿ ಎರಡಕ್ಕೂ ಸಪ್ತಮಿಯೇ. ಇಂಗ್ಲಿಷಿನಲ್ಲಿ ಇಳಿದುದು 'ಅಟ್ ಹಾಸನ', ತಂಗಿದುದು 'ಇನ್ ಹಾಸನ'. ಮೊದಲ ವಾಕ್ಯದಲ್ಲಿ ಹಾಸನವು ದಾರಿಯ ಮೇಲಿನ ಒಂದು ಚುಕ್ಕೆ. ಎರಡನೆಯದರಲ್ಲಿ ನಮ್ಮನ್ನು ಒಳಗಿಟ್ಟುಕೊಂಡ ಊರು. ಊರು ಅದೇ ಇದ್ದರೂ ಪ್ರಯಾಣಿಕನ ದೃಷ್ಟಿ ಬದಲಾಯಿತು. 'ಮೈಸೂರಿಗೆ ತಲುಪಿದೆವು' ಎಂಬ ಚತುರ್ಥಿಯ ಬಲದಿಂದ 'ರೀಚ್ಡ್ ಟು ಮೈಸೂರು' ಎನ್ನುವ ಹುಡುಗನೂ ಹತ್ತು ಕಥೆ ಕೇಳಿದಮೇಲೆ ಆ 'ಟು' ಬೇಡವೆಂಬುದನ್ನು ಕಿವಿಯಿಂದಲೇ ಅರಿತುಕೊಳ್ಳಬಲ್ಲ.

ಕಿವಿಯಿಂದ ಎಲ್ಲವೂ ಬರುವುದೆಂದಲ್ಲ. ಹಲವು ವರ್ಷ ಪಾಠಗಳನ್ನು ಫ್ರೆಂಚಿನಲ್ಲಿಯೇ ಕೇಳಿದ ಕೆನಡಾದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಅವರು ಆಡುವ ಮಾತಿನಲ್ಲಿ ವ್ಯಾಕರಣ ಸೊರಗಿಯೇ ಉಳಿದಿತ್ತು. ಇದನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬ ವಿದುಷಿ, ಕಲಿಯುವವನು ಅರ್ಥವಾಗುವಂತೆ ಹೇಳಲೇಬೇಕಾದ ಒತ್ತಾಯಕ್ಕೆ ಸಿಕ್ಕಿದಾಗಲೇ ವ್ಯಾಕರಣದತ್ತ ಅವನ ಗಮನ ಹರಿಯುವುದೆಂದು 1985ರಲ್ಲಿ ವಾದಿಸಿದರು. ರೂತ್ ವೈನ್‌ರಿಬ್ 1990ರಲ್ಲಿ ಪ್ರಕಟಿಸಿದ 'ಗ್ರಾಮರ್ ಡಿಕ್ಟೇಷನ್' ಎಂಬ ಪುಸ್ತಕದಲ್ಲಿ ಇದಕ್ಕೆ ಹೊಂದುವ ಒಂದು ಕ್ರಮವಿದೆ. ಅಧ್ಯಾಪಕರು ಸಣ್ಣದೊಂದು ಕಥನವನ್ನು ಸಹಜವಾದ ವೇಗದಲ್ಲಿ ಎರಡು ಸಲ ಓದುತ್ತಾರೆ. ಮಕ್ಕಳು ಮುಖ್ಯವಾದ ಪದಗಳನ್ನಷ್ಟೇ ಗುರುತುಮಾಡಿಕೊಂಡು, ಗುಂಪುಗೂಡಿ ಆ ಕಥನವನ್ನು ಮತ್ತೆ ಕಟ್ಟುತ್ತಾರೆ. ಬಳಿಕ ಮೂಲದೊಡನೆ ಹೋಲಿಸಿ ನೋಡುತ್ತಾರೆ. 'ಸ್ಟೇಷನ್', 'ಲೇಟ್', 'ಟ್ರೇನ್', 'ಲೆಫ್ಟ್' ಎಂಬ ನಾಲ್ಕು ಪದಗಳು ಕೈಯಲ್ಲಿದ್ದರೆ, ಅವುಗಳ ನಡುವಿನ ಸಂದುಗಳನ್ನು ತುಂಬಬೇಕಾದುದು ವ್ಯಾಕರಣವೇ.

ಬೆಂಗಳೂರಿಗೆ ಈ ವಿಚಾರದಲ್ಲಿ ತನ್ನದೇ ಆದ ಒಂದು ಸ್ಥಾನವುಂಟು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ಜಗತ್ತಿನಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ಮಕ್ಕಳ ಮುಂದೆ ಅವರು ಇಟ್ಟ ವಸ್ತುಗಳಲ್ಲಿ ರೈಲಿನ ವೇಳಾಪಟ್ಟಿಯೂ ಭೂಪಟವೂ ಇದ್ದವು. ಯಾವ ಗಾಡಿ ಹಿಡಿದರೆ ಎಷ್ಟು ಹೊತ್ತಿಗೆ ಎಲ್ಲಿರಬಹುದು ಎಂಬ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬಿಡಿಸುವುದೇ ಪಾಠ. ವ್ಯಾಕರಣವನ್ನು ಪ್ರತ್ಯೇಕವಾಗಿ ಬೋಧಿಸುವುದಿಲ್ಲ. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ತಾನಾಗಿ ನೆಲೆಗೊಳ್ಳುವುದೆಂಬುದು ಅವರ ನಂಬಿಕೆ. ಈ ಮಾತನ್ನು ನಾನು ಮುಕ್ಕಾಲುಪಾಲು ಒಪ್ಪುತ್ತೇನೆ. ಪರೀಕ್ಷೆಗಾಗಿ ನಿಯಮಗಳನ್ನು ಆಗಲೇ ಬಾಯಿಪಾಠ ಮಾಡಿರುವ ನಮ್ಮ ಕಾಲೇಜು ಹುಡುಗರಿಗೆ, ಕಥೆ ಮುಗಿದಮೇಲೆ ಐದು ನಿಮಿಷ ಆ ನಿಯಮವನ್ನೂ ಕಥೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವುದು ಲೇಸು. ಕಥೆಯ ನಡುವೆ ಮಾತ್ರ ತಿದ್ದಬಾರದು.

ಒಂದೇ ಕಥೆಯನ್ನು ಮೂವರು ಬೇರೆ ಬೇರೆ ಕೇಳುಗರಿಗೆ ನಾಲ್ಕು, ಮೂರು, ಎರಡು ನಿಮಿಷಗಳಲ್ಲಿ ಹೇಳಿಸುವ ಕ್ರಮವೂ ಉಂಟು. ಮೂವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಗಾಡಿಗಳು ಏಕಕಾಲಕ್ಕೆ ಹೊರಡುವುದರಿಂದ ಗದ್ದಲ ತಪ್ಪದು. ಪಕ್ಕದ ಕೊಠಡಿಯ ಗಣಿತದ ಮೇಷ್ಟರಿಗೆ ಮೊದಲೇ ಒಂದು ಮಾತು ಹೇಳಿ, ಮಕ್ಕಳನ್ನು ಆಟದ ಬಯಲಿನ ಮರದ ನೆರಳಿಗೆ ಕರೆದೊಯ್ಯುವುದು ಒಳ್ಳೆಯದು.