ಒಂದು ತೊಲ ಹಿತ್ತಾಳೆಯ ಲೆಕ್ಕ

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದುಕೊಟ್ಟವು ಹತ್ತಿ ಗಿರಣಿಗಳು. ಗಿರಣಿಯವರು ನೂಲಿನ ಸಣ್ಣತನ ತಿಳಿಯಲು ಅದರ ದಪ್ಪವನ್ನು ಅಳೆಯುವುದಿಲ್ಲ, ತೂಗುತ್ತಾರೆ. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ 120 ಗಜ ನೂಲನ್ನು ಸುತ್ತಿದರೆ ಒಂದು 'ಲೀ'. ಅದು ಎಷ್ಟು ಗ್ರೇನ್ ತೂಗುತ್ತದೋ ಅದರಿಂದ 1000ವನ್ನು ಭಾಗಿಸಿದರೆ ಕೌಂಟ್ ಸಿಕ್ಕಿತು. ಲೀ 50 ಗ್ರೇನ್ ತೂಗಿದರೆ 20ರ ನೂಲು, 25 ತೂಗಿದರೆ 40ರ ನೂಲು. ಒಂದು ಪೌಂಡಿಗೆ 7000 ಗ್ರೇನ್, ಚಿನಿವಾರರ ಹಳೆಯ ತೊಲಕ್ಕೆ 180. ಮೆಟ್ರಿಕ್ ಲೆಕ್ಕದಲ್ಲಿ ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ.

ಈ ಗ್ರೇನ್ ಇಂದಿಗೂ ಚಲಾವಣೆಯಲ್ಲಿರುವ ಇನ್ನೊಂದು ಕ್ಷೇತ್ರ ರೈಫಲ್ ಗುರಿಕಾರಿಕೆ. ದೂರದ ಗುರಿಗೆ ಹೊಡೆಯುವ ಸ್ಪರ್ಧಿಗಳಲ್ಲಿ ಹಲವರು ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕೇಸನ್ನು ಎಸೆಯದೆ, ಅದಕ್ಕೆ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಇದಕ್ಕೆ ಹ್ಯಾಂಡ್‌ಲೋಡಿಂಗ್ ಎಂದು ಹೆಸರು. ಭಾರತದಲ್ಲಿ ಇದು ಮನೆಯ ಹವ್ಯಾಸವಾಗುವಂತಿಲ್ಲ: 1959ರ ಶಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಆದರೆ ಅವರು ಕೇಸುಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುವುದರ ಹಿಂದಿನ ತರ್ಕ ಯಾರಿಗಾದರೂ ತಿಳಿದಿರಬೇಕಾದ್ದು.

ತೂಗುವುದೇಕೆ?

ಕೇಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹೆಸರಾಂತ .308 ವಿಂಚೆಸ್ಟರ್ ಕೇಸು ತಯಾರಕರನ್ನು ಅವಲಂಬಿಸಿ ಸುಮಾರು 160ರಿಂದ 180 ಗ್ರೇನ್ ತೂಗುತ್ತದೆ. ಹೆಚ್ಚುಕಡಿಮೆ ಒಂದು ತೊಲ. ಹಾರಿಸಿದಾಗ ಕೇಸು ಉಬ್ಬಿ ಬಂದೂಕಿನ ಚೇಂಬರಿನ ಗೋಡೆಗೆ ಅಂಟಿಕೊಳ್ಳುವುದರಿಂದ ಹೊರಗಿನ ಆಕಾರವನ್ನು ಚೇಂಬರೇ ನಿರ್ಧರಿಸುತ್ತದೆ. ಹೊರಗಡೆ ಒಂದೇ ಆಗಿದ್ದು ಹಿತ್ತಾಳೆ ಹೆಚ್ಚಾದರೆ ಆ ಹೆಚ್ಚಳ ಒಳಗಿನ ಜಾಗವನ್ನು ತಿನ್ನುತ್ತದೆ. ಜಾಗ ಕಿರಿದಾದರೆ ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ, ಗುಂಡಿನ ವೇಗ ಬದಲಾಗುತ್ತದೆ. ಹತ್ತಿರದ ಗುರಿಯಲ್ಲಿ ಈ ವ್ಯತ್ಯಾಸ ಕಾಣದು. ನೂರಾರು ಮೀಟರ್ ಆಚೆ ಗುಂಡುಗಳು ಒಂದರ ಮೇಲೊಂದು ಬೀಳುವ ಬದಲು ಮೇಲೆ ಕೆಳಗೆ ಚದುರುತ್ತವೆ.

ಎಷ್ಟು ವ್ಯತ್ಯಾಸಕ್ಕೆ ಬೆಲೆ?

ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಸಾಂದ್ರ. ಹಾಗಾಗಿ ಎಂಟೂವರೆ ಗ್ರೇನ್ ಹಿತ್ತಾಳೆ ಹೆಚ್ಚಾದರೆ ಒಂದು ಗ್ರೇನ್ ನೀರಿನಷ್ಟು ಜಾಗ ಕಡಿಮೆಯಾಗುತ್ತದೆ. .308ರ ಒಳಗೆ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ. ಬೇರೆ ಬೇರೆ ತಯಾರಕರ ಎರಡು ಕೇಸುಗಳ ನಡುವೆ 17 ಗ್ರೇನ್ ಅಂತರವಿದ್ದರೆ ಎರಡು ಗ್ರೇನ್ ನೀರಿನ ಜಾಗ, ಅಂದರೆ ನೂರಕ್ಕೆ ಮೂರೂವರೆಯಷ್ಟು ಹೋಯಿತು. ಇವನ್ನು ಬೆರೆಸಿ ಬಳಸುವುದು ತಪ್ಪು. ಒಂದಕ್ಕೆ ಹೊಂದುವ ಮದ್ದಿನ ಪ್ರಮಾಣ ಇನ್ನೊಂದರಲ್ಲಿ ಅಪಾಯಕಾರಿಯೂ ಆದೀತು. ಆದರೆ ಒಂದೇ ತಯಾರಕರ ಒಂದೇ ಲಾಟಿನಲ್ಲಿ ಒಂದು ಗ್ರೇನ್ ಅಂತರ ಎಂದರೆ ನೂರಕ್ಕೆ 0.2ರಷ್ಟು ಜಾಗ. ಅದರ ಹಿಂದೆ ಬೀಳುವುದು ಬಹುತೇಕ ವ್ಯರ್ಥ ಶ್ರಮ. ತೂಕಕ್ಕಿಂತ ಮೊದಲು ಕೆಲಸಕ್ಕೆ ಬರುವುದು ತಯಾರಕರನ್ನೂ ಲಾಟನ್ನೂ ಬೇರ್ಪಡಿಸುವ ಕೆಲಸ.

ಹೆಚ್ಚಿನ ಹಿತ್ತಾಳೆ ಎಲ್ಲಿದೆ?

ತಕ್ಕಡಿ ಉತ್ತರಿಸಲಾರದ ಪ್ರಶ್ನೆ ಇದು. ಹಿತ್ತಾಳೆಯ ಪುಟ್ಟ ಬಟ್ಟಲನ್ನು ಹಂತ ಹಂತವಾಗಿ ಎಳೆದು, ನಡುನಡುವೆ ಕಾಯಿಸಿ ಮೆದುಗೊಳಿಸಿ ಕೇಸು ಮಾಡುತ್ತಾರೆ. ಕೊನೆಗೆ ಅದನ್ನು ಚೇಂಬರಿನಿಂದ ಹೊರಗೆಳೆಯುವ ಕೊಕ್ಕೆಗಾಗಿ ಬುಡದ ಸುತ್ತ ಒಂದು ತೋಡು ಕಡೆಯುತ್ತಾರೆ. 1941ರಲ್ಲಿ ಹರಿಹರದಲ್ಲಿ ಶುರುವಾಗಿ ದಶಕಗಳ ಕಾಲ ಲೇತುಗಳನ್ನು ತಯಾರಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಊರಿನವರಿಗೆ ಈ ಕೆಲಸದ ಸೂಕ್ಷ್ಮ ಬಿಡಿಸಿ ಹೇಳಬೇಕಿಲ್ಲ: ಉಳಿಯ ತುದಿ ಸವೆಯುತ್ತ ಹೋದಂತೆ ತೋಡಿನ ಆಳವೂ ಬದಲಾಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲು ಆಳ ಹೆಚ್ಚಿದರೆ ಅರ್ಧ ಗ್ರೇನಿನ ಆಸುಪಾಸು ಹಿತ್ತಾಳೆ ಹೋಗುತ್ತದೆ. ತೂಕ ಇಳಿಯಿತು, ಒಳಗಿನ ಜಾಗ ಮಾತ್ರ ಹಾಗೇ ಇದೆ. ಬಾಯಿಯ ಉದ್ದ ಸಮವಾಗಿ ಕತ್ತರಿಸಿರದಿದ್ದರೂ ಒಳಗೆ ಮಸಿ ಉಳಿದಿದ್ದರೂ ತೂಕ ದಾರಿ ತಪ್ಪಿಸುತ್ತದೆ. ನಿಜವಾದ ಜಾಗ ತಿಳಿಯಬೇಕಾದರೆ ಹಾರಿಸಿದ ಕೇಸಿಗೆ ನೀರು ತುಂಬಿ, ತುಂಬುವ ಮೊದಲಿನ ಮತ್ತು ನಂತರದ ತೂಕದ ವ್ಯತ್ಯಾಸ ನೋಡಬೇಕು.

ನೂಲಿನಲ್ಲೂ ಇದೇ ತೊಡಕು. ಎರಡು ಲೀಗಳು ತಲಾ 50 ಗ್ರೇನ್ ತೂಗಬಹುದು. ಒಂದರಲ್ಲಿ ಎಳೆ ಉದ್ದಕ್ಕೂ ಸಮ, ಇನ್ನೊಂದರಲ್ಲಿ ಗಂಟು ಗಂಟಾಗಿ ದಪ್ಪ, ನಡುವೆ ತೆಳು. ಎರಡೂ ತಕ್ಕಡಿಯಲ್ಲಿ ಪಾಸು, ಮಗ್ಗದಲ್ಲಿ ಒಂದು ಮಾತ್ರ. ಅದಕ್ಕೇ ಗಿರಣಿಗಳು ತೂಕದ ಜೊತೆಗೆ, ಎಳೆಯನ್ನು ವಿದ್ಯುತ್ ಫಲಕಗಳ ನಡುವೆ ಹಾಯಿಸಿ ಏರಿಳಿತ ದಾಖಲಿಸುವ ಯಂತ್ರಗಳನ್ನೂ ಇಟ್ಟುಕೊಂಡವು.

ಹಾಗಾದರೆ ತೂಗುವುದು ಬೇಡವೇ? ಬೇಕು, ಆದರೆ ಜರಡಿಯಾಗಿ. ನೂರು ಕೇಸುಗಳಲ್ಲಿ ತೊಂಬತ್ತೈದು ಒತ್ತಾಗಿ ಒಂದೆಡೆ ಸೇರಿ, ಐದು ಮಾತ್ರ ದೂರ ನಿಂತರೆ ಆ ಐದನ್ನು ಪಕ್ಕಕ್ಕಿಟ್ಟು ನೀರಿನ ಪರೀಕ್ಷೆಗೆ ಒಡ್ಡುವುದು ಸರಿಯಾದ ಕ್ರಮ. ಉಳಿದ ತೊಂಬತ್ತೈದನ್ನು ದಶಾಂಶದ ಎರಡನೇ ಸ್ಥಾನದವರೆಗೆ ವಿಂಗಡಿಸುತ್ತ ಕೂರುವ ಹೊತ್ತನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಕೊಟ್ಟರೆ ಫಲ ಹೆಚ್ಚು.