ತರಗು ಬೆಂಕಿ ಆರಿತು, ಲಂಟಾನ ಹಬ್ಬಿತು

ಲಂಟಾನದ ಹೂಗೊಂಚಲನ್ನು ಹತ್ತಿರದಿಂದ ನೋಡಿ. ನಡುವಿನ ಹೂಗಳು ಹಳದಿ, ಅಂಚಿನವು ಗುಲಾಬಿ. ಅರಳುವಾಗ ಹಳದಿಯಿದ್ದದ್ದು ಪರಾಗಸ್ಪರ್ಶವಾದ ಮೇಲೆ ಬಣ್ಣ ಬದಲಿಸುತ್ತದೆ. ಮಕರಂದ ಯಾವ ಹೂವಿನಲ್ಲಿದೆ ಎಂಬುದು ಚಿಟ್ಟೆಗೆ ದೂರದಿಂದಲೇ ಗೊತ್ತಾಗುತ್ತದೆ. ಈ ಚೆಂದಕ್ಕೆ ಮರುಳಾಗಿಯೇ ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದ ಈ ಗಿಡವನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಮುಳ್ಳಿದೆ, ದನ ಬಾಯಿ ಹಾಕುವುದಿಲ್ಲ ಎಂದು ಬೇಲಿಗೂ ನೆಟ್ಟರು. ಹಸಿವಿಗೆ ತಿಂದ ದನದ ಯಕೃತ್ತು ಕೆಟ್ಟು, ಬಿಸಿಲಿಗೆ ಮೈ ಚರ್ಮ ಬಿರಿಯುತ್ತದೆ. ಮಾಗಿದ ಕಪ್ಪು ಹಣ್ಣು ಮಾತ್ರ ಪಿಕಳಾರಕ್ಕೆ ಪ್ರಿಯ. ಹಕ್ಕಿ ಹಾರಿದಲ್ಲೆಲ್ಲ ಬೀಜ ಬಿತ್ತು.

ತೆಲಂಗಾಣದ ಜಹೀರಾಬಾದ್, ತಾಂಡೂರಿನ ಕಡೆಯವರಿಗೆ ಇದು ಬೇಲಿಯ ಗಿಡವಾಗಿ ಪರಿಚಿತ. ಇದರ ಅಸಲಿ ರೂಪ ಕಾಣಬೇಕಾದರೆ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. 1997ರಲ್ಲಿ ಅಲ್ಲಿ ಸಮೀಕ್ಷೆ ಮಾಡಿದ ತಾಣಗಳಲ್ಲಿ ಶೇ 41ರಷ್ಟರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇ 81ಕ್ಕೆ ಏರಿತ್ತು. ದೇಶದ ಹುಲಿ ಕಾಡುಗಳಲ್ಲಿ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಇದು ಹಬ್ಬಿದೆ ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಲಂಟಾನ ದಟ್ಟವಾದಲ್ಲಿ ಹುಲ್ಲು ಹುಟ್ಟುವುದಿಲ್ಲ. ಜಿಂಕೆ, ಕಡವೆ, ಕಾಟಿಗಳಿಗೆ ಮೇವು ಎಲ್ಲಿಂದ ಬರಬೇಕು?

ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಿರಿಯರಿಗೆ ಲಂಟಾನ ಹಬ್ಬುವುದರ ಕಾರಣ ಮೊದಲೇ ಗೊತ್ತಿತ್ತು. ಕಾಡು ಪೂರ್ತಿ ಒಣಗುವ ಮುನ್ನ, ಬೇಸಿಗೆಯ ಶುರುವಿನಲ್ಲೇ ಅವರು ನೆಲದ ತರಗಿಗೆ ಬೆಂಕಿ ಇಡುತ್ತಿದ್ದರು. ಮೊಣಕಾಲೆತ್ತರಕ್ಕೂ ಏಳದ ಈ ತರಗು ಬೆಂಕಿ ಮರಗಳನ್ನು ಮುಟ್ಟದೆ ಸಾಗುತ್ತಿತ್ತು. ಲಂಟಾನದ ಬೀಜ, ಎಳೆ ಸಸಿಗಳು ಅದರಲ್ಲಿ ಸುಡುತ್ತಿದ್ದವು. ನೆಲ್ಲಿಮರಕ್ಕೆ ಅಂಟಿಕೊಂಡು ರಸ ಹೀರುವ ‘ಉಪ್ಪಿಲು’ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ಇಡುವುದು ಅಪರಾಧವಾಯಿತು. ಲಂಟಾನ ಹಬ್ಬಿದ್ದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಕಾಡಿನಲ್ಲೇ ಬಾಳಿದವರನ್ನು ಒಂದು ಮಾತು ಕೇಳದೆ ಬೆಂಕಿ ಆರಿಸಿದ್ದು ದುಡುಕಂತೂ ಹೌದು.

ಹಾಗೆಂದು ಇವತ್ತು ಮತ್ತೆ ಕಡ್ಡಿ ಗೀರಿದರೆ ಆದೀತೇ? ಆಗದು. ಆಳೆತ್ತರ ಮೀರಿದ ಲಂಟಾನ ಹತ್ತಿಕೊಂಡರೆ ಜ್ವಾಲೆ ನೇರ ಮರದ ನೆತ್ತಿಗೇರುತ್ತದೆ. ಬಲಿತ ಗಿಡ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ.

ಹಾಗಾಗಿ ಕೈ ಕೆಲಸವೇ ಗತಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ‘ಏಟ್ರೀ’ ಸಂಸ್ಥೆ ಲಂಟಾನ ಕರಕುಶಲ ತರಬೇತಿ ನಡೆಸಿತು. ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿ ಸೀಮೆಯ ಆದಿವಾಸಿಗಳು ಇದೇ ಕಡ್ಡಿಯಲ್ಲಿ ಕಟ್ಟಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲೂ ನಿಂತವು. ದುಡಿದವರಿಗೆ ನಾಲ್ಕು ಕಾಸು ಸಿಕ್ಕಿದ್ದು ಒಳ್ಳೆಯದೇ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಸಣ್ಣ ಪೊದೆಯಲ್ಲ ಇದು.

ಇದನ್ನು ಕೀಳಲು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿ ಸಿ.ಆರ್. ಬಾಬು ತೋರಿಸಿಕೊಟ್ಟ ದಾರಿ ಸರಳ: ಮಣ್ಣಿನ ಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ನಿಲ್ಲಿಸಿಬಿಡುವುದು. ಬುಡ ನೆಲಕ್ಕೆ ತಾಗದಿದ್ದರೆ ಚಿಗುರದು. ಕಿತ್ತ ಜಾಗಕ್ಕೆ ಸ್ಥಳೀಯ ಹುಲ್ಲು ಬಿತ್ತಬೇಕು, ಮುಂದಿನ ಕೆಲವು ಮಳೆಗಾಲ ಹೊಸ ಸಸಿಗಳನ್ನು ಕೀಳುತ್ತಲೇ ಇರಬೇಕು. ಒಂದೇ ವರ್ಷದ ಟೆಂಡರ್ ಕರೆದು ಕಿತ್ತು ಕೈತೊಳೆದುಕೊಂಡ ಕಡೆ ಲಂಟಾನವೇ ಮತ್ತೆ ಮೊದಲು ಏಳುತ್ತದೆ.